ಜಾಸ್ಟ್ರೋ, ಕಿಟೆಲ್ ಮತ್ತು ನಮ್ಮ ಮಕ್ಕಳು

ನಮ್ಮ ಸಂಘದ ಕನ್ನಡ ತರಗತಿಯ ಪುಸ್ತಕ ಸಂಗ್ರಹಕ್ಕೆ ಏನೇನು ತರಿಸಬೇಕು ಎಂಬ ಮಾತು ಕೆಲವು ತಿಂಗಳಿಂದ ನಡೆಯುತ್ತಿರುವುದು ಸದಸ್ಯ ಕುಟುಂಬಗಳಿಗೆಲ್ಲ ತಿಳಿದೇ ಇದೆ. ಒಂದು ಕಡೆಯವರ ವಾದ ಹೀಗೆ: "ಹೈಸ್ಕೂಲು ಮೆಟ್ಟಿಲು ಹತ್ತಿದ ಮಕ್ಕಳಿಗೆ ವಚನಗಳನ್ನೂ ಹಳೆಯ ಕಾವ್ಯಗಳನ್ನೂ ಇಂಗ್ಲಿಷ್ ಅನುವಾದದಲ್ಲಿ ಕೊಟ್ಟರೆ ಸಾಕು. ದಪ್ಪ ದಪ್ಪ ನಿಘಂಟುಗಳನ್ನು ತರಿಸಿ ಕಪಾಟಿನಲ್ಲಿಟ್ಟು ಧೂಳು ಹಿಡಿಸುವುದೇಕೆ?" ಇನ್ನೊಂದು ಕಡೆಯವರು, "ನಿಘಂಟಿಲ್ಲದ ಕನ್ನಡ ಶಾಲೆಯೂ ಒಂದು ಶಾಲೆಯೇ?" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಕೇಳಿಕೊಳ್ಳದ ಪ್ರಶ್ನೆಯೊಂದಿದೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಸಾವಿರ ವರ್ಷದ ಹಿಂದಿನ ಗ್ರಂಥವನ್ನು ಓದುವುದು ಎಂದರೆ ಏನು? ಆ ನಿಘಂಟು ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೆ, ಎಲ್ಲಿ ಕೈಬಿಡುತ್ತದೆ?

ಈ ಕೆಲಸವನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರು ನಮ್ಮ ನೆರೆಹೊರೆಯಲ್ಲೇ ಇದ್ದಾರೆ. ರೆಸಿಡೆನ್ಸಿಯ ದಿನಗಳಿಂದಲೂ ನಾನು ಯಹೂದಿ ಸಹೋದ್ಯೋಗಿಗಳ ಜೊತೆ ಕೆಲಸ ಮಾಡಿದ್ದೇನೆ. ಅವರಲ್ಲಿ ಕೆಲವರು ಆಸ್ಪತ್ರೆಯ ಕೆಲಸ ಮುಗಿಸಿ, ಫ್ರೀವೇ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಕಳೆದು ಮನೆ ಸೇರಿ, ರಾತ್ರಿ ತಾಲ್ಮುದ್ ಎಂಬ ತಮ್ಮ ಪ್ರಾಚೀನ ಗ್ರಂಥದ ಒಂದು ಪುಟವನ್ನು ಓದುತ್ತಾರೆ. ಅದರ ಬಹುಭಾಗ ಇರುವುದು ಅರಮಾಯಿಕ್ ಭಾಷೆಯಲ್ಲಿ. ಅವರ ಮನೆಮಾತು ಇಂಗ್ಲಿಷ್. ಅವರ ಅಜ್ಜಿಯರ ಮಾತೂ ಅರಮಾಯಿಕ್ ಆಗಿರಲಿಲ್ಲ. ಆದರೂ ಓದುತ್ತಾರೆ. ಅವರ ಮೇಜಿನ ಮೇಲಿರುವ ನಿಘಂಟಿನ ಹೆಸರು ಜಾಸ್ಟ್ರೋ. ನಮ್ಮ ಕಿಟೆಲ್ ಇದ್ದ ಹಾಗೆ ಅವರಿಗದು. ಕರ್ತೃವಿನ ಹೆಸರೇ ಪುಸ್ತಕದ ಹೆಸರಾಗಿಬಿಟ್ಟಿದೆ.

ಅರಮಾಯಿಕ್ ಎಂದರೆ

ಅರಮಾಯಿಕ್ ಹೀಬ್ರೂವಿನ ಒಡಹುಟ್ಟು. ಪಾರಸೀಕ ಸಾಮ್ರಾಜ್ಯದಲ್ಲಿ ಅದು ಕಚೇರಿಯ ಭಾಷೆಯಾಗಿತ್ತು. ಯೇಸುಕ್ರಿಸ್ತನು ಆಡುತ್ತಿದ್ದುದು ಅದನ್ನೇ ಎನ್ನುತ್ತಾರೆ. ಬ್ಯಾಬಿಲೋನಿನ ತಾಲ್ಮುದ್ ಹೆಚ್ಚು ಕಡಿಮೆ ಕ್ರಿ.ಶ. ಐದು ಆರನೆಯ ಶತಮಾನಗಳಲ್ಲಿ ಈಗಿನ ರೂಪಕ್ಕೆ ಬಂತು. ನಮ್ಮ ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದು ಎಂದು ಹೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕಾಲ.

ಈ ಭಾಷೆ ನಮಗೆ ತೀರ ದೂರದ್ದೂ ಅಲ್ಲ. ಅಶೋಕ ಚಕ್ರವರ್ತಿ ಕಂದಹಾರದಲ್ಲಿ ತನ್ನ ಶಾಸನವನ್ನು ಗ್ರೀಕ್ ಮತ್ತು ಅರಮಾಯಿಕ್ ಎರಡರಲ್ಲೂ ಕೆತ್ತಿಸಿದ. ಅದೇ ಅಶೋಕನ ಪ್ರಾಕೃತ ಶಾಸನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅದನ್ನು ಬರೆದ ಚಪಡ ಎಂಬ ಲಿಪಿಕಾರ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ಹೆಸರಿನ ಪಕ್ಕದ 'ಲಿಪಿಕಾರ' ಎಂಬ ಮಾತನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಹುಟ್ಟಿದ್ದು ಅರಮಾಯಿಕ್ ಲಿಪಿಯಿಂದ. ಅಂದರೆ ಮೊಳಕಾಲ್ಮೂರಿನ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಅರಮಾಯಿಕ್ಕಿನ ಒಂದು ಮೊಮ್ಮಗು ಕುಳಿತಿದೆ!

ಇಲ್ಲಿಯೂ ಅಷ್ಟೇ. ಸ್ಯಾನ್ ಡಿಯೇಗೊ ಪಕ್ಕದ ಎಲ್ ಕಾಹೋನ್‌ನಲ್ಲಿ ಇರಾಕಿನಿಂದ ಬಂದ ಕ್ಯಾಲ್ಡಿಯನ್ ಕ್ರೈಸ್ತರು ಸಾವಿರಾರು ಮಂದಿ ಇದ್ದಾರೆ. ಅವರು ಮನೆಯಲ್ಲಾಡುವ ಸೂರೆತ್ ಭಾಷೆ ಇಂದಿಗೂ ಜೀವಂತವಾಗಿರುವ ಅರಮಾಯಿಕ್ಕೇ. ರೊಟ್ಟಿಗೆ ತಾಲ್ಮುದಿನಲ್ಲಿ 'ಲಹ್ಮಾ', ಅವರ ಅಡುಗೆಮನೆಯಲ್ಲಿ 'ಲಖ್ಮಾ'. ಒಂದು ಊರಿನಲ್ಲಿ ಈ ಭಾಷೆಯನ್ನು ಗ್ರಂಥದಿಂದ ಮಾತ್ರ ಬಲ್ಲವರು ಇದ್ದಾರೆ, ಅರ್ಧಗಂಟೆಯ ದಾರಿಯಲ್ಲಿ ನಾಲಿಗೆಯಿಂದ ಬಲ್ಲವರು ಇದ್ದಾರೆ. ಕನ್ನಡಿಗರಾದ ನಮ್ಮ ಬಳಿ ಎರಡೂ ಇರಬೇಕಿತ್ತು. ನಾಲಿಗೆಯ ಕನ್ನಡ ಒಂದಷ್ಟು ಉಳಿದಿದೆ. ಗ್ರಂಥದ ಕನ್ನಡದ ಗತಿಯೇನು ಎಂಬುದೇ ಇಲ್ಲಿನ ಪ್ರಶ್ನೆ.

ಇಬ್ಬರು ಜರ್ಮನ್ನರು, ಎರಡು ನಿಘಂಟು

ಮಾರ್ಕಸ್ ಜಾಸ್ಟ್ರೋ 1829ರಲ್ಲಿ ಆಗಿನ ಪ್ರಷ್ಯಾದಲ್ಲಿ ಹುಟ್ಟಿದವರು. ವಾರ್ಸಾದಲ್ಲಿ ರಬ್ಬಿಯಾಗಿದ್ದಾಗ ಪೋಲಿಷ್ ಜನರ ಪರ ನಿಂತು, ರಷ್ಯನ್ ಸರಕಾರದಿಂದ ಸೆರೆಮನೆ ಕಂಡವರು. 1866ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದರು. ಅವರ ನಿಘಂಟು 1886ರಿಂದ ಬಿಡಿ ಬಿಡಿ ಭಾಗಗಳಾಗಿ ಹೊರಬಿದ್ದು 1903ರಲ್ಲಿ ಪೂರ್ಣವಾಯಿತು.

ಫರ್ಡಿನಂಡ್ ಕಿಟೆಲ್ 1832ರಲ್ಲಿ ಉತ್ತರ ಜರ್ಮನಿಯ ಕಡಲತಡಿಯಲ್ಲಿ ಹುಟ್ಟಿದವರು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ನಾಡಿಗೆ ಬಂದರು. ಧಾರವಾಡ, ಮಡಿಕೇರಿ, ಮಂಗಳೂರುಗಳಲ್ಲಿ ಇದ್ದು, ಪಂಡಿತರನ್ನೂ ಹಳ್ಳಿಗರನ್ನೂ ಕೇಳಿ ಕೇಳಿ ಪದ ಕೂಡಿಸಿದರು. ಸುಮಾರು 70,000 ಪದಗಳ, 1,752 ಪುಟಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಜಾಸ್ಟ್ರೋ ನಿಘಂಟಿನದೂ ಹೆಚ್ಚುಕಡಿಮೆ ಅಷ್ಟೇ ಗಾತ್ರ. ಇಬ್ಬರೂ ತಮ್ಮ ತಾಯ್ನುಡಿಯಾದ ಜರ್ಮನ್ ಬಿಟ್ಟು ಇಂಗ್ಲಿಷಿನಲ್ಲಿ ಅರ್ಥ ಬರೆದರು. ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1903. ಒಬ್ಬರು ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದಲ್ಲಿ, ಇನ್ನೊಬ್ಬರು ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ.

ಗುಣದೋಷಗಳಲ್ಲೂ ಇಬ್ಬರಿಗೂ ಹೋಲಿಕೆಯಿದೆ. ತಾಲ್ಮುದಿನಲ್ಲಿ ಗ್ರೀಕ್ ಪದಗಳು ಬೇಕಾದಷ್ಟಿವೆ. ಅವರ ನ್ಯಾಯಸಭೆಯ ಹೆಸರಾದ 'ಸನ್ಹೆದ್ರಿನ್' ಕೂಡ ಗ್ರೀಕ್ ಮೂಲದ್ದೇ. ಆದರೆ ಜಾಸ್ಟ್ರೋ ಸಾಧ್ಯವಿದ್ದಲ್ಲೆಲ್ಲ ಹೀಬ್ರೂ, ಅರಮಾಯಿಕ್ ಧಾತುವನ್ನೇ ಹುಡುಕಲು ಹೊರಡುತ್ತಾರೆ, ಕೆಲವು ಕಡೆ ಎಳೆದಾಡಿ ತರುತ್ತಾರೆ ಎಂಬುದು ವಿದ್ವಾಂಸರ ಹಳೆಯ ಆಕ್ಷೇಪ. ಕಿಟೆಲ್ ಕೂಡ ಅಂಥ ಅಭಿಮಾನಿಯೇ. ಸಂಸ್ಕೃತ ನಿಘಂಟುಗಳಲ್ಲಿ ಅಡಗಿರುವ ದ್ರಾವಿಡ ಪದಗಳ ಬಗ್ಗೆ 1872ರಲ್ಲೇ ಲೇಖನ ಬರೆದವರು ಅವರು. ನಿಘಂಟಿನ ಮುನ್ನುಡಿಯಲ್ಲೂ ಅಂಥ ಪದಗಳ ಉದ್ದದ ಪಟ್ಟಿ ಕೊಟ್ಟರು. ಅವುಗಳಲ್ಲಿ ಕೆಲವನ್ನು ನಂತರದವರು ಒಪ್ಪಿದ್ದಾರೆ, ಹಲವನ್ನು ಕೈಬಿಟ್ಟಿದ್ದಾರೆ. ಮುಂದೆ ಬರೋ ಅವರೂ ನಮ್ಮ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಎಮೆನೋ ಅವರೂ ಸೇರಿ 1961ರಲ್ಲಿ ದ್ರಾವಿಡ ಭಾಷೆಗಳ ಪದಮೂಲ ಕೋಶವನ್ನು ತಂದ ಮೇಲೆ, ಪದದ ಹುಟ್ಟಿಗಾಗಿ ಕಿಟೆಲರನ್ನು ಮಾತ್ರ ನಂಬಿ ಕೂರಬೇಕಾಗಿಲ್ಲ. ಪರಭಾಷೆಯೊಂದನ್ನು ಜೀವಮಾನವಿಡೀ ಪ್ರೀತಿಸಿದವರಿಗೆ ಅದರ ಪ್ರತಿಯೊಂದು ಪದವೂ ಅಲ್ಲಿಯದೇ ಆಗಿರಲಿ ಎಂಬ ಆಸೆ ಹುಟ್ಟುವುದು ಸಹಜ. ಓದುವವರು ಆ ಆಸೆಯನ್ನು ಗುರುತಿಸಿ ಬದಿಗಿಟ್ಟರೆ ಆಯಿತು.

ನಿಘಂಟಿಗೆ ಮುಂಚೆ ವ್ಯಾಕರಣ

"ನಿಘಂಟಿದ್ದರೆ ಓದಬಹುದು" ಎಂಬುದು ಅರ್ಧ ಸತ್ಯ. ತಾಲ್ಮುದಿನ ಅಚ್ಚಾದ ಪುಟದಲ್ಲಿ ಸ್ವರಚಿಹ್ನೆಯಿಲ್ಲ, ವಿರಾಮಚಿಹ್ನೆಯಿಲ್ಲ. ಅದರ ಮೇಲೆ ಪದದ ತಲೆಗೆ ಅಂಟಿಕೊಳ್ಳುವ ಅಕ್ಷರಗಳು ಬೇರೆ: 'ದ' ಎಂದರೆ ಷಷ್ಠಿ, 'ಬ' ಎಂದರೆ ಸಪ್ತಮಿ, 'ಲ' ಎಂದರೆ ಚತುರ್ಥಿ, 'ವ' ಎಂದರೆ ಮತ್ತು. 'ಮಲ್ಕಾ' ಎಂದರೆ ರಾಜ. 'ದ್ಮಲ್ಕಾ' ಎಂದರೆ ರಾಜನ. ಹೊಸಬರು 'ದ' ಅಕ್ಷರದಲ್ಲಿ ಅರ್ಧಗಂಟೆ ಹುಡುಕಿ ಕೈಚೆಲ್ಲುತ್ತಾರೆ. ಬಲ್ಲವರು ಟೋಪಿ ತೆಗೆದು ಮುಖ ನೋಡುವಂತೆ 'ದ'ವನ್ನು ಕಿತ್ತು 'ಮ'ದಲ್ಲಿ ಹುಡುಕುತ್ತಾರೆ.

ನಮ್ಮಲ್ಲಿ ಇದು ತಿರುಗುಮುರುಗು. ಪ್ರತ್ಯಯ ಅಂಟುವುದು ಬಾಲಕ್ಕೆ. ತಲೆ ಸುರಕ್ಷಿತವಾಗಿದೆ ಎಂದು ಸಮಾಧಾನಪಡುವ ಹೊತ್ತಿಗೆ ತಲೆಯೇ ಬದಲಾಗಿರುತ್ತದೆ! ಹಳಗನ್ನಡದ 'ಪೇೞ್ದಂ' ಎಂಬ ಪದವನ್ನು ತೆಗೆದುಕೊಳ್ಳಿ. ಹೊಸಗನ್ನಡ ಮಾತ್ರ ಬಲ್ಲ ಮಗು ಏನು ಮಾಡಬೇಕು? ಮೊದಲು ಬಾಲದ 'ಅಂ' ತೆಗೆಯಬೇಕು. ಅದು 'ಅವನು' ಎಂಬ ಗುರುತು. ಆಮೇಲೆ 'ದ' ತೆಗೆಯಬೇಕು. ಅದು ಆಗಿಹೋದ ಕಾಲದ ಗುರುತು. ಉಳಿದದ್ದು 'ಪೇೞ್'. ಪದದ ಮೊದಲಿನ ಹಳಗನ್ನಡದ 'ಪ' ಮುಂದೆ 'ಹ' ಆಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ರಳ ಎನ್ನುವ 'ೞ' ಮುಂದೆ 'ಳ' ಆಯಿತು, ಬಾೞೆ ಬಾಳೆಯಾಯಿತು. ಈ ಎರಡು ನಿಯಮ ಸೇರಿಸಿದರೆ 'ಪೇೞ್' ಎಂದರೆ ನಮ್ಮ 'ಹೇಳು'. 'ಪೇೞ್ದಂ' ಎಂದರೆ 'ಹೇಳಿದನು'. ಗಣಿತದ ಲೆಕ್ಕ ಬಿಡಿಸಿದ ಸಂತೋಷ ಇದರಲ್ಲಿದೆ. ನಮ್ಮ ಮಕ್ಕಳು ಇಂಥ ಲೆಕ್ಕದಲ್ಲಿ ನಮಗಿಂತ ಚುರುಕು.

ಇನ್ನೊಂದು ಅನುಕೂಲವನ್ನು ನಾವು ಮರೆಯುತ್ತೇವೆ. ನಮ್ಮದು ಕಾಗುಣಿತದ ಲಿಪಿ. ಸ್ವರವನ್ನು ಊಹಿಸಿ ಓದುವ ಕಷ್ಟ ನಮಗಿಲ್ಲ. ತಾಲ್ಮುದ್ ಓದುವವರು ಪ್ರತಿ ಪದದಲ್ಲೂ ಪಡುವ ಆ ಪಾಡು ನಮ್ಮ ಮಕ್ಕಳಿಗೆ ತಪ್ಪಿದ್ದು. ವರ್ಣಮಾಲೆಯ ಕ್ರಮ ಬಾಯಿಗೆ ಬಂದಿರಬೇಕು, 'ಕ್ಷ'ವನ್ನು 'ಕ'ದಲ್ಲೇ ಹುಡುಕಬೇಕು ಎಂಬುದು ಗೊತ್ತಿರಬೇಕು. ಅಷ್ಟು ಸಾಕು, ಪುಟ ತೆರೆಯಬಹುದು.

ಗೊತ್ತಿರುವ ಪದವೇ ಮೋಸ ಮಾಡುವುದು

ಗೊತ್ತಿಲ್ಲದ ಪದಕ್ಕೆ ಯಾರಾದರೂ ನಿಘಂಟು ತೆಗೆಯುತ್ತಾರೆ. ಗೊತ್ತಿದೆ ಎಂದುಕೊಂಡ ಪದಕ್ಕೆ ಯಾರೂ ತೆಗೆಯುವುದಿಲ್ಲ. ಹಳಗನ್ನಡದಲ್ಲಿ 'ಬೇಟ' ಎಂದರೆ ಪ್ರೇಮ, ಒಲವು. ನಮ್ಮ ಹುಡುಗರು ಅದನ್ನು 'ಬೇಟೆ' ಎಂದುಕೊಂಡು ನಾಯಕನ ಕೈಗೆ ಬಿಲ್ಲುಬಾಣ ಕೊಟ್ಟು ಕಾಡಿಗೆ ಕಳಿಸುತ್ತಾರೆ. 'ಕೂರ್ಮೆ' ಎಂದರೆ ಅಕ್ಕರೆ. ಸಂಸ್ಕೃತದ 'ಕೂರ್ಮ' ಎಂದರೆ ಆಮೆ. 'ಅಱಿ' ಎಂದರೆ ತಿಳಿ. 'ಅರಿ' ಎಂದರೆ ಕತ್ತರಿಸು. 'ಕಱೆ' ಎಂದರೆ ಹಾಲು ಹಿಂಡು; 'ಕರೆ' ಎಂದರೆ ಕೂಗು. ಶಕಟರೇಫ ಎನ್ನುವ ಆ 'ಱ' ಬಿದ್ದುಹೋದ ಮೇಲೆ ಹೊಸ ಬರವಣಿಗೆಯಲ್ಲಿ ಇವು ಒಂದೇ ಆಗಿ ಕಾಣುತ್ತವೆ. ಕಿಟೆಲ್ ಈ ಎರಡು ಹಳೆಯ ಅಕ್ಷರಗಳನ್ನು ಬಿಡದೆ ಉಳಿಸಿಕೊಂಡು ಪದಗಳನ್ನು ಬೇರ್ಪಡಿಸಿದ್ದಾರೆ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದವರಿಗೆ ಈ ಎಚ್ಚರ ಇದ್ದೇ ಇರುತ್ತದೆ.

ವಚನಗಳಲ್ಲಿ ಅಕ್ಷರದ ತೊಡಕು ಕಡಿಮೆ, ಅರ್ಥದ ತೊಡಕು ಹೆಚ್ಚು. 'ಜಂಗಮ' ಎಂದರೆ ಚಲಿಸುವಂಥದು ಎಂಬುದು ಒಂದರ್ಥ. ಊರೂರು ಸುತ್ತುವ ಶಿವಶರಣ ಎಂಬುದು ಇನ್ನೊಂದು. ನಿಘಂಟು ಇವನ್ನು ಒಂದು, ಎರಡು ಎಂದು ಅಂಕೆ ಹಾಕಿ ಬೇರೆ ಬೇರೆ ಇಡುತ್ತದೆ. ವಚನಕಾರರ ಕೈಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ. ಸ್ಥಾವರ ಜಂಗಮಗಳ ಮಾತಿನ ಜೀವವೇ ಅಲ್ಲಿದೆ. ಎ. ಕೆ. ರಾಮಾನುಜನ್ ಅವರು 1973ರ ತಮ್ಮ ಇಂಗ್ಲಿಷ್ ವಚನ ಸಂಕಲನದಲ್ಲಿ ಇದನ್ನು ವಿವರಿಸಲು ಪೀಠಿಕೆಯನ್ನೇ ಬಳಸಿಕೊಳ್ಳಬೇಕಾಯಿತು. ಅಷ್ಟು ದೊಡ್ಡ ಅನುವಾದಕರೇ ವಿವರಣೆ ಬರೆಯಬೇಕಾದ ಜಾಗದಲ್ಲಿ ಅನುವಾದ ಮಾತ್ರ ಸಾಕು ಎನ್ನುವುದು ಹೇಗೆ?

ವೈದ್ಯರ ಮಾತಿನಲ್ಲಿ ಹೇಳುವುದಾದರೆ, ನಿಘಂಟು ಲ್ಯಾಬ್ ರಿಪೋರ್ಟ್ ಇದ್ದ ಹಾಗೆ. ಐದು ಅರ್ಥ ಕೊಡುತ್ತದೆ. ಈ ರೋಗಿಗೆ ಯಾವುದು ಎಂದು ಹೇಳುವುದಿಲ್ಲ. ಅದಕ್ಕೆ ರೋಗಿಯ ಮುಖ ನೋಡಬೇಕು, ಅಂದರೆ ಪದ್ಯವನ್ನು ಪೂರ್ತಿ ಓದಬೇಕು.

ಕಿಟೆಲ್ ಕೈಬಿಡುವ ಜಾಗ

ಇಲ್ಲಿ ನಿಷ್ಠುರವಾಗಿ ಹೇಳಬೇಕಾದ ಮಾತೊಂದಿದೆ. ಜಾಸ್ಟ್ರೋ ನಿಘಂಟು ಬರೆಯುವಾಗ ಅವರ ಗ್ರಂಥಗಳೆಲ್ಲ ಅಚ್ಚಾಗಿ ಎದುರಿಗಿದ್ದವು. ಇಡೀ ತಾಲ್ಮುದ್ ವೆನಿಸ್ ನಗರದಲ್ಲಿ 1520ರ ದಶಕದ ಆರಂಭದಲ್ಲೇ ಅಚ್ಚಾಗಿತ್ತು. ಪ್ರಸಿದ್ಧ ವಿಲ್ನಾ ಆವೃತ್ತಿ 1880ರ ದಶಕದಲ್ಲಿ ಹೊರಬಂತು. ಅಷ್ಟೇ ಅಲ್ಲ, ರೋಮ್ ನಗರದ ನಾಥನ್ ಎಂಬ ರಬ್ಬಿ 1101ರಲ್ಲೇ ಮುಗಿಸಿದ ತಾಲ್ಮುದ್ ನಿಘಂಟೊಂದು ಅವರಿಗೆ ಆಧಾರವಾಗಿತ್ತು.

ಕಿಟೆಲರ ಸ್ಥಿತಿ ಹಾಗಿರಲಿಲ್ಲ. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಪಂಪನ ವಿಕ್ರಮಾರ್ಜುನ ವಿಜಯವನ್ನು ಬಿ. ಎಲ್. ರೈಸ್ ಪ್ರಕಟಿಸಿದ್ದು 1898ರಲ್ಲಿ. ಕವಿರಾಜಮಾರ್ಗವನ್ನು ಕೆ. ಬಿ. ಪಾಠಕ್ ಪ್ರಕಟಿಸಿದ್ದೂ ಅದೇ ವರ್ಷ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಬಂದದ್ದು 1923ರಲ್ಲಿ. ಡಿ. ಎಲ್. ನರಸಿಂಹಾಚಾರ್ ವಡ್ಡಾರಾಧನೆಯನ್ನು ಸಂಪಾದಿಸಿ ಪ್ರಕಟಿಸಿದ್ದು 1949ರಲ್ಲಿ. ಅಂದರೆ ಕನ್ನಡದ ಅತಿ ಹಳೆಯ, ಅತಿ ದೊಡ್ಡ ಗ್ರಂಥಗಳು ಅಚ್ಚಾಗುವ ಮುಂಚೆಯೇ ಅವುಗಳನ್ನು ಓದಲು ನಾವು ಬಳಸುವ ನಿಘಂಟು ಮುಗಿದುಹೋಗಿತ್ತು! ಕಿಟೆಲರಲ್ಲಿ ಪಂಪನ ಪದವೊಂದು ಸಿಗದಿದ್ದರೆ ಅದು ಅವರ ತಪ್ಪಲ್ಲ. ಸಿಕ್ಕಿದರೆ ಅದು ಅವರ ಹೆಚ್ಚುಗಾರಿಕೆ. ಆದರೆ ಸಿಗದ ಪದ ಕನ್ನಡದಲ್ಲೇ ಇಲ್ಲ ಎಂದು ತಿಳಿಯುವುದು ನಮ್ಮ ತಪ್ಪಾಗುತ್ತದೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾಲಯದಿಂದ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ತಂದ ಕಿಟೆಲ್ ಇದನ್ನು ಒಂದಷ್ಟು ತುಂಬುತ್ತದೆ.

ಪೂರ್ತಿ ತುಂಬುವುದು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು. 1995ರಲ್ಲಿ ಅದು ಮುಗಿಯಿತು. ಶಾಸನದಿಂದ, ಕಾವ್ಯದಿಂದ ಪ್ರಯೋಗಗಳನ್ನು ಎತ್ತಿಕೊಟ್ಟು, ಪದ ಯಾವ ಕಾಲದಲ್ಲಿ ಯಾವ ಅರ್ಥದಲ್ಲಿ ನಡೆಯಿತು ಎಂದು ತೋರಿಸುವ ಚಾರಿತ್ರಿಕ ನಿಘಂಟು ಅದು. ಅದಕ್ಕಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡರು; 1991ರಲ್ಲಿ ಪ್ರಜಾವಾಣಿಯಲ್ಲಿ ಶುರುವಾದ ಅವರ 'ಇಗೋ ಕನ್ನಡ' ಅಂಕಣವನ್ನು ಊರಿಗೆ ಹೋದಾಗ ಕತ್ತರಿಸಿ ತಂದು ಇಟ್ಟುಕೊಂಡವರು ನಮ್ಮಲ್ಲೇ ಇದ್ದಾರೆ. ಅರಮಾಯಿಕ್ಕಿಗೂ ಹೀಗೆಯೇ ಆಯಿತು. ಜಾಸ್ಟ್ರೋ ಹೀಬ್ರೂವನ್ನೂ ಬ್ಯಾಬಿಲೋನ್, ಪ್ಯಾಲೆಸ್ಟೈನ್ ಕಡೆಯ ಅರಮಾಯಿಕ್ಕುಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದ್ದರು. ಮೈಕಲ್ ಸೊಕೊಲಾಫ್ ಎಂಬ ವಿದ್ವಾಂಸರು 1990ರಲ್ಲಿ ಪ್ಯಾಲೆಸ್ಟೈನಿನದನ್ನೂ 2002ರಲ್ಲಿ ಬ್ಯಾಬಿಲೋನಿನದನ್ನೂ ಬೇರೆ ಬೇರೆ ನಿಘಂಟುಗಳಾಗಿ ತಂದರು. ಹಾಗೆಂದು ಜಾಸ್ಟ್ರೋವನ್ನು ಯಾರೂ ಅಟ್ಟಕ್ಕೆ ಹಾಕಲಿಲ್ಲ. ಕಲಿಯುವವರಿಗೆ ಇಂದಿಗೂ ಮೊದಲು ಕೈಗೆ ಸಿಗುವುದು ಅದೇ.

ನಮ್ಮ ಮನೆಗಳಲ್ಲೂ ಹಾಗೆಯೇ ಆಗಬೇಕಾದೀತು. ಏಕೆಂದರೆ ಪರಿಷತ್ತಿನ ನಿಘಂಟು ಕನ್ನಡಕ್ಕೆ ಕನ್ನಡದಲ್ಲೇ ಅರ್ಥ ಹೇಳುತ್ತದೆ. ಸೊರೆಂಟೊ ವ್ಯಾಲಿಯಲ್ಲೋ ಅರ್ವೈನಿನಲ್ಲೋ ಬೆಳೆದ ಹದಿನೈದರ ಹುಡುಗಿಗೆ ಆ ಅರ್ಥವನ್ನು ಅರ್ಥಮಾಡಿಕೊಳ್ಳಲು ಇನ್ನೊಂದು ನಿಘಂಟು ಬೇಕು. ಆಕೆಗೆ ಇಂಗ್ಲಿಷಿನಲ್ಲಿ ಹೇಳುವ ಕಿಟೆಲ್ ಹತ್ತಿರ. ಕಿಟೆಲರಲ್ಲಿ ಗಾದೆಗಳಿವೆ, ತಮಿಳು ತೆಲುಗು ಮಲಯಾಳ ತುಳು ಭಾಷೆಗಳ ಸೋದರ ಪದಗಳಿವೆ. ತಮಿಳು ಗೆಳತಿಯಿರುವ ಹುಡುಗಿಗೆ ಅದೊಂದು ಆಟವೂ ಆದೀತು. ಇನ್ನು ಫೋನಿನಲ್ಲೇ ಹುಡುಕುವವರಿಗೆ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ, 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು ಇದೆ. ಒಂದೂವರೆ ಲಕ್ಷದಷ್ಟು ಪದ. ಹಾಗಾಗಿ "ನಿಘಂಟು ಸಿಗುವುದಿಲ್ಲ" ಎಂಬ ನೆಪ ಈಗ ನಡೆಯುವುದಿಲ್ಲ.

ಅನುವಾದ ಬೇಡವೇ?

ಬೇಕು. ಯಹೂದಿಗಳೂ ಅನುವಾದವನ್ನು ಬಿಟ್ಟವರಲ್ಲ. ಆದಿನ್ ಸ್ಟೈನ್‌ಸಾಲ್ಟ್ಜ್ ಎಂಬ ರಬ್ಬಿ 1965ರಲ್ಲಿ ತೊಡಗಿ 2010ರವರೆಗೆ ದುಡಿದು ಇಡೀ ತಾಲ್ಮುದನ್ನು ಈಗಿನ ಹೀಬ್ರೂವಿಗೆ ಬಿಡಿಸಿಕೊಟ್ಟರು. ಇಂಗ್ಲಿಷ್ ಅನುವಾದಗಳೂ ಪೂರ್ಣವಾಗಿವೆ. ಈ ದೇಶದ ಯಹೂದಿಗಳಲ್ಲಿ ಬಹುಮಂದಿಗೆ ಅರಮಾಯಿಕ್ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಅವರೆಲ್ಲ ಪಂಡಿತರು, ನಾವೆಲ್ಲ ದಡ್ಡರು ಎಂದು ಚಿತ್ರ ಬರೆಯುವುದು ಸುಳ್ಳಾದೀತು. ಆದರೆ ಅವರ ಅನುವಾದದ ಪುಸ್ತಕ ತೆರೆದರೆ ಮೂಲ ಪಕ್ಕದಲ್ಲೇ ಇರುತ್ತದೆ, ಮೂಲದ ಸುತ್ತ ಹನ್ನೊಂದನೆಯ ಶತಮಾನದ ರಾಶಿ ಎಂಬ ಪಂಡಿತನ ಟೀಕೆ ಇರುತ್ತದೆ. ನಮ್ಮಲ್ಲೂ ಅಂಥವು ಇವೆ. ಪಂಪನಿಗೆ ಡಿ. ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ' ಇದೆ, ಎಲ್. ಬಸವರಾಜು ಅವರ 'ಸರಳ ಪಂಪಭಾರತ' ಇದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯ ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದದೊಡನೆ 2017ರಲ್ಲಿ ಬಂತು. ಒಂದು ಪುಟ ಕನ್ನಡ, ಎದುರು ಪುಟ ಇಂಗ್ಲಿಷ್. ಮೂಲ ಕಣ್ಣಿಗೆ ಬೀಳದ ಅನುವಾದಕ್ಕಿಂತ ಇಂಥದು ಮಕ್ಕಳಿಗೆ ನೂರುಪಾಲು ಮೇಲು. ನನ್ನ ತಕರಾರು ಅನುವಾದದ ಮೇಲಲ್ಲ; ಮೂಲವನ್ನು ಮನೆಯಿಂದಾಚೆ ಹಾಕುವ ಅನುವಾದದ ಮೇಲೆ.

ಅವರಿಂದ ಕಲಿಯಬೇಕಾದ ಇನ್ನೊಂದು ಸಂಗತಿ, ಅವರು ಒಬ್ಬರೇ ಕೂತು ಓದುವುದಿಲ್ಲ. ಇಬ್ಬಿಬ್ಬರು ಜೋಡಿಯಾಗಿ ಎದುರುಬದುರು ಕೂತು, ಗಟ್ಟಿಯಾಗಿ ಓದಿ, ವಾದ ಮಾಡಿ ಓದುತ್ತಾರೆ. ಅದಕ್ಕೆ ಹವ್ರೂತಾ ಎಂದು ಹೆಸರು. ಒಡನಾಟ ಎಂದರ್ಥ, ಅದೂ ಅರಮಾಯಿಕ್ ಪದವೇ. ದಿನಕ್ಕೊಂದು ಹಾಳೆಯಂತೆ ಜಗತ್ತಿನಾದ್ಯಂತ ಒಂದೇ ಹಾಳೆಯನ್ನು ಓದುವ ಕ್ರಮ 1923ರಲ್ಲಿ ಶುರುವಾಯಿತು. ಒಟ್ಟು 2,711 ಹಾಳೆ, ಒಂದು ಸುತ್ತಿಗೆ ಏಳೂವರೆ ವರ್ಷ. ಹದಿನಾಲ್ಕನೆಯ ಸುತ್ತು 2020ರ ಜನವರಿಯಲ್ಲಿ ಆರಂಭವಾಯಿತು. ನಾವು ದಿನಕ್ಕೊಂದು ಪುಟ ಎಂದು ಹೊರಟರೆ ಮೂರನೆಯ ದಿನ ನಿಲ್ಲುತ್ತೇವೆ. ತಿಂಗಳಿಗೊಂದು ಪುಟ ಆಗದೇ?

ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ಅವರಿಗೆ ಓದು ಧರ್ಮದ ಕಟ್ಟಳೆ. ನಮಗೆ ಹಳಗನ್ನಡ ಓದು ಎಂದು ಯಾವ ದೇವರೂ ಹೇಳಿಲ್ಲ. ಪಂಪ ಜೈನ, ವಡ್ಡಾರಾಧನೆ ಜೈನರದು, ವಚನ ಶರಣರದು, ಕಿಟೆಲ್ ಕ್ರೈಸ್ತ ಪಾದ್ರಿ. ಇವರಲ್ಲಿ ಯಾರೂ ಇಡೀ ಸಂಘದ ಎಲ್ಲ ಮನೆಗಳವರ ಕುಲಗುರುಗಳಲ್ಲ. ಇದೇ ನಮ್ಮ ಕಷ್ಟ; ಕಟ್ಟಳೆಯಿಲ್ಲದ್ದನ್ನು ಉಳಿಸಿಕೊಳ್ಳುವವರು ಕಡಿಮೆ. ಆದರೆ ಇದೇ ನಮ್ಮ ಅನುಕೂಲವೂ ಹೌದು. ಜಾತಿ ಮತ ಕೇಳದೆ ಎಲ್ಲ ಮನೆಯ ಮಕ್ಕಳೂ ಒಂದೇ ಮೇಜಿಗೆ ಕೂರಬಹುದಾದ ಪುಸ್ತಕಗಳು ನಮಗೆ ಅವೇ.

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಾಗ ನಮ್ಮ ಮನೆಗಳಲ್ಲೂ ಸಿಹಿ ಹಂಚಿದೆವು. ಶಾಸ್ತ್ರೀಯ ಎಂದರೆ ಹಳೆಯದು ಇದೆ ಎಂದರ್ಥ. ಇದ್ದದ್ದನ್ನು ಓದುವವರು ಇಲ್ಲದೆ ಹೋದರೆ ಆ ಸಿಹಿ ಯಾರ ಹೆಸರಿನಲ್ಲಿ ಹಂಚಿದ್ದು? ಬೆಂಗಳೂರು, ಮೈಸೂರಿನವರು ಓದಿಕೊಳ್ಳುತ್ತಾರೆ ಬಿಡಿ ಎನ್ನಬಹುದು. ಅಲ್ಲಿಯ ಇಂಗ್ಲಿಷ್ ಮಾಧ್ಯಮದ ಮಕ್ಕಳ ಸ್ಥಿತಿ ನಮ್ಮ ಮಕ್ಕಳದಕ್ಕಿಂತ ಬಹಳ ಬೇರೆಯಾಗಿಲ್ಲ ಎಂಬುದು ರಜೆಗೆ ಹೋಗಿ ಬಂದವರಿಗೆಲ್ಲ ಗೊತ್ತು.

ಆದ್ದರಿಂದ ನನ್ನ ಸಲಹೆ ಇಷ್ಟು. ಸಂಗ್ರಹಕ್ಕೆ ಒಂದು ಕಿಟೆಲ್ ಬರಲಿ. ಪರಿಷತ್ತಿನ ನಿಘಂಟಿನ ಒಂದು ಸೆಟ್ ಬರಲಿ. ಅದು ದೊಡ್ಡವರಿಗೆ, ಮಕ್ಕಳು ಸಿಕ್ಕಿಹಾಕಿಕೊಂಡಲ್ಲಿ ಬಿಡಿಸಲಿಕ್ಕೆ. ಅದರ ಜೊತೆಗೆ ವಡ್ಡಾರಾಧನೆ ಬರಲಿ. ಅದು ಗದ್ಯ, ಹತ್ತೊಂಬತ್ತು ಕಥೆಗಳು, ಛಂದಸ್ಸಿನ ಹೆದರಿಕೆ ಇಲ್ಲ. ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯಿಂದಲೇ ಆರಂಭಿಸಬಹುದು. ಕಿಟೆಲ್ ಕಂಡಿರದ ಗ್ರಂಥವಾದ್ದರಿಂದ, ಅವರ ನಿಘಂಟು ಎಲ್ಲಿಯವರೆಗೆ ಬರುತ್ತದೆ ಎಂಬ ಪರೀಕ್ಷೆಯೂ ಆದೀತು. ಒಬ್ಬ ಹಿರಿಯರು, ಒಬ್ಬ ಹೈಸ್ಕೂಲು ವಿದ್ಯಾರ್ಥಿ, ಹೀಗೆ ಜೋಡಿಗಳು. ಹಿರಿಯರ ಕಿವಿಯಲ್ಲಿ ಕನ್ನಡವಿದೆ, ಕಿರಿಯರ ಕೈಯಲ್ಲಿ ನಿಘಂಟಿರುತ್ತದೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ, ಸೊರೆಂಟೊ ವ್ಯಾಲಿಯಲ್ಲಿ. ಲಾಸ್ ಏಂಜಲಿಸ್ ಕಡೆಯ ಕುಟುಂಬಗಳಿಗೆ ದೂರವಾಗುವುದಾದರೆ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ.

ವರ್ಷಕ್ಕೆ ಹನ್ನೆರಡು ಪುಟ. ಅಷ್ಟೇನಾ ಎಂದು ನಗಬೇಡಿ. ಹನ್ನೆರಡು ಪುಟವನ್ನು ಪದ ಪದವಾಗಿ ಬಿಡಿಸಿದ ಹುಡುಗನಿಗೆ ಹದಿಮೂರನೆಯದಕ್ಕೆ ನಿಘಂಟು ಅರ್ಧ ಸಾಕಾಗುತ್ತದೆ. ಒಪ್ಪುವವರೂ ಒಪ್ಪದವರೂ ಮುಂದಿನ ಸಂಚಿಕೆಗೆ ಬರೆಯಿರಿ. ಬರುವ ಕಾರ್ಯಕಾರಿ ಸಮಿತಿ ಸಭೆಯೊಳಗೆ ಬರೆದರೆ ಇನ್ನೂ ಒಳ್ಳೆಯದು. ದುಡ್ಡಿನ ತೀರ್ಮಾನ ಆಗುವುದು ಅಲ್ಲೇ.